ತೂಕದ ಕೋಣೆಯ ಬಿಳಿ

ಜನವರಿ 11

ಹದ್ದು,

ನಿನ್ನನ್ನು ಹೀಗೆ ಕರೆಯುವವರು ಈಗ ಯಾರಾದರೂ ಇದ್ದಾರೋ ಇಲ್ಲವೋ. ಸರಿಯಾದ ಹೆಸರು ಹಾಕಿ ಬರೆಯೋಣವೆಂದು ಎರಡು ಹಾಳೆ ಕೆಡಿಸಿದೆ, ಕೈ ಓಡಲಿಲ್ಲ. ಕೋಪ ಬಂದರೆ ಇಲ್ಲಿಗೇ ಹರಿದುಹಾಕು, ನನ್ನ ತಕರಾರಿಲ್ಲ.

ವಿಳಾಸ ಕೊಟ್ಟವರು ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಬರೆಯುತ್ತಿದ್ದ ಹಳೆಯ ಗುಮಾಸ್ತರು. ಅವರ ಸೊಸೆಯ ಬಟ್ಟೆ ಹೊಲಿಯುವುದು ನಿಮ್ಮ ಮನೆಯವರಂತೆ. "ಅವಳೀಗ ದೊಡ್ಡ ಲ್ಯಾಬಲ್ಲಿದಾಳೆ ಕಣಮ್ಮ. ನೀವು ಪೆಪ್ಪರಮೆಂಟಿಗೆ ಹಾಕೋ ಬಿಳಿ ಪುಡಿ ಇದೆಯಲ್ಲ, ಅದು ಮೈಯೊಳಗೆ ಏನ್ ಮಾಡುತ್ತೆ ಅಂತ ನೋಡೋ ಕೆಲಸವಂತೆ" ಎಂದರು. ಇಪ್ಪತ್ತೆರಡು ವರ್ಷ ನಿನ್ನ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ಮಾತು ಬದಲಾಯಿಸಿದವಳು ನಾನು. ಈ ಸಲ ನಿಂತು ಪೂರ್ತಿ ಕೇಳಿದೆ.

ನಾನಿನ್ನೂ ಅದೇ ಕಾರ್ಖಾನೆಯಲ್ಲಿ ಇದ್ದೇನೆ, ಪೆಪ್ಪರಮೆಂಟಿಗೆ ಸಕ್ಕರೆಯ ಮೇಲಂಗಿ ತೊಡಿಸುವ ಅದೇ ಲೇಪನದ ವಿಭಾಗದಲ್ಲಿ. ಈಗ ಹನ್ನೆರಡು ಬಾಣಲೆಗಳಿಗೂ ನಾನೇ ಯಜಮಾನಿ. ತಾಮ್ರದವು ಹೋಗಿ ಸ್ಟೀಲಿನವು ಬಂದಿವೆ. ಆದರೆ ತಿರುಗುವಾಗಿನ ಸದ್ದು ಬದಲಾಗಿಲ್ಲ. ಪಾಕ ಹಾಕಿದ ಕೂಡಲೇ ಒದ್ದೆ ಬಟ್ಟೆ ಒಗೆದ ಹಾಗೆ ದಪ್ ದಪ್, ಒಣಗುತ್ತ ಬಂದಂತೆ ಗಲಗಲ. ಕಣ್ಣು ಮುಚ್ಚಿದರೂ ಹದ ಹೇಳಬಲ್ಲೆ.

ಕಷ್ಟ ಬಂದಿರುವುದು ಬಣ್ಣದಲ್ಲಿ. ಹೊರದೇಶದ ಗಿರಾಕಿಗಳು ಇನ್ನು ಮುಂದೆ ಟೈಟೇನಿಯಂ ಡೈಆಕ್ಸೈಡ್ ಹಾಕಿದ ಮಾಲು ಬೇಡ ಎಂದಿದ್ದಾರೆ. ಅದೇ ನಮ್ಮ "ಬಿಳಿ". ಬದಲಿಗೆ ಅಕ್ಕಿಯ ಪಿಷ್ಟ ಹಾಕಿ ನೋಡುತ್ತಿದ್ದೇನೆ. ಎಷ್ಟು ಸಲ ಲೇಪಿಸಿದರೂ ಹಳೆಯ ಹಲ್ಲಿನ ಬಣ್ಣ. ಮ್ಯಾನೇಜರು, "ಆ ಪುಡೀಲಿ ಏನಿದೆ ಅಂತ ಇಷ್ಟು ಗಲಾಟೆ?" ಎನ್ನುತ್ತಾನೆ. ನನ್ನ ಬಳಿ ಉತ್ತರವಿಲ್ಲ.

ನಿನ್ನ ಬಳಿ ಇದೆಯಾ? ಅದು ನಿಜಕ್ಕೂ ಕೆಟ್ಟದ್ದಾ?

ಅಮ್ಮ ಹೋಗಿ ಆರು ವರ್ಷವಾಯಿತು. ನಿನಗೆ ತಿಳಿಸಬೇಕಿತ್ತು.

ನಿನ್ನ
ಸೌಟು

*

ಫೆಬ್ರವರಿ 2

ಲೇಪನ ವಿಭಾಗದ ಮುಖ್ಯಸ್ಥೆಗೆ,

ನಿಮ್ಮ ಪತ್ರ ತಲುಪಿತು.

ನೀವು ಕೇಳಿದ ವಸ್ತುವಿನ ಬಗ್ಗೆ ಹೇಳುವುದಾದರೆ, ಅದು ಜೀವಕೋಶದೊಳಗಿನ ಡಿಎನ್‌ಎಗೆ, ಅಂದರೆ ವಂಶವಾಹಿಗೆ, ಹಾನಿ ಮಾಡಬಹುದೇ ಎಂಬ ಪರೀಕ್ಷೆಗಳು ನಡೆಯುತ್ತಿವೆ. ಕೆಲವು ಕಡೆ ಹಾನಿ ಕಂಡಿದೆ, ಕೆಲವು ಕಡೆ ಕಂಡಿಲ್ಲ. ಕಣ ಎಷ್ಟು ಸಣ್ಣದು, ಎಷ್ಟು ಪ್ರಮಾಣ, ಯಾವ ಜೀವಕೋಶ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಇಷ್ಟರ ತನಕ ಪರವಾಗಿಲ್ಲ ಎಂದು ಗೆರೆ ಎಳೆಯಲು ಆಗದ ಕಾರಣ ಕೆಲವು ದೇಶಗಳವರು ಆಹಾರಕ್ಕೆ ಬೇಡವೆಂದು ನಿಲ್ಲಿಸಿದ್ದಾರೆ. ನಿಮ್ಮ ಮ್ಯಾನೇಜರಿಗೆ ಇಷ್ಟು ಸಾಕು.

ನಾನು ವಿಜ್ಞಾನಿಯಲ್ಲ. ಇಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದವಳು, ಈಗ ಸ್ಲೈಡು ನೋಡಿ ಎಣಿಸುತ್ತೇನೆ.

ನಿಮ್ಮ ತಾಯಿಯ ಸುದ್ದಿ ಓದಿ ಬೇಸರವಾಯಿತು. ಅವರು ಕಟ್ಟಿಕೊಡುತ್ತಿದ್ದ ಡಬ್ಬಿಯಲ್ಲಿ ಮೂರು ಪಾಲು ನಾನೇ ತಿನ್ನುತ್ತಿದ್ದೆ.

ಇತಿ,
ಲ್ಯಾಬ್ ಸಹಾಯಕಿ

*

ಫೆಬ್ರವರಿ 10

ಲೇ ಹದ್ದು,

ನನ್ನನ್ನು "ನೀವು" ಅಂದೆಯಲ್ಲ, ಓದುತ್ತಿದ್ದ ಹಾಗೆಯೇ ಬೆನ್ನಿಗೆ ಚಳಿ ಹತ್ತಿತು. ಬೈದಿದ್ದರೆ ವಾಸಿಯಿತ್ತು. ಕೊನೆಗೆ ಆ ಡಬ್ಬಿಯ ಮಾತು ಬಂತು ನೋಡು, ಜೀವ ಬಂತು. ಮೂರು ಪಾಲಲ್ಲ ಕಣೇ, ಪೂರ್ತಿ ತಿಂದು ಮುಚ್ಚಳ ನನಗೆ ಕೊಡುತ್ತಿದ್ದೆ.

ಮೊನ್ನೆ ಊಟದ ಹೊತ್ತಿಗೆ ಹಳೆಯ ಬೆಂಚಿನ ಕಡೆ ಹೋಗಿದ್ದೆ. ಬಾಯ್ಲರಿನ ಹಿಂದಿನ ಗೋಡೆಗೆ ಒರಗಿಸಿ ಹಾಕಿದ್ದ ಬೆಂಚು. ಚಳಿಗಾಲದಲ್ಲಿ ಆ ಗೋಡೆ ಬೆಚ್ಚಗಿರುತ್ತಿತ್ತು, ನಾವಿಬ್ಬರೂ ಬೆನ್ನು ಕೊಟ್ಟು ಕುಳಿತು ಬೆಕ್ಕಿನ ಹಾಗೆ ಕಣ್ಣು ಮುಚ್ಚುತ್ತಿದ್ದೆವು. ಬೆಂಚಿಲ್ಲ, ಅಲ್ಲೀಗ ಸ್ಕೂಟರು ನಿಲ್ಲಿಸುತ್ತಾರೆ. ಗೋಡೆ ಮಾತ್ರ ಈಗಲೂ ಬೆಚ್ಚಗಿದೆ. ಕೈಯಿಟ್ಟು ನೋಡಿದೆ.

ನೀನು ಆರಿಸುವ ಬೆಲ್ಟಿನ ಮುಂದೆ ಕೂರುತ್ತಿದ್ದದ್ದು ನೆನಪಾಗುತ್ತದೆ. ಸಾವಿರಾರು ಬಿಳಿ ಗುಂಡುಗಳು ಓಡುತ್ತಿದ್ದರೆ, ಚುಕ್ಕಿ ಬಿದ್ದ ಒಂದನ್ನು ನೀನು ಗಬಕ್ಕನೆ ಎತ್ತುತ್ತಿದ್ದೆ. ಹದ್ದು ಎಂದು ಹೆಸರು ಬಂದದ್ದು ಅದಕ್ಕೇ. ಸೌಟು ಕೆಳಗಿಡದ ನನಗೆ ಸೌಟು ಎಂದು ನೀನೇ ಹೆಸರಿಟ್ಟೆ, ಸೇಡು ತೀರಿಸಿಕೊಳ್ಳಲು.

ಆಗಿನ ಹೊಸ ಮ್ಯಾನೇಜರು ಮೊದಲ ಸಲ ನಮ್ಮ ವಿಭಾಗಕ್ಕೆ ಬಂದ ದಿನ ನೆನಪಿದೆಯಾ? ಸಂಜೆಯ ಹೊತ್ತು. ಪುಡಿ ಹಾರಿ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ನಾವಿಬ್ಬರೂ ಮುದುಕಿಯರಂತಿದ್ದೆವು. ನೀನು ಸೊಂಟ ಬಗ್ಗಿಸಿ, ನನ್ನ ಸೌಟನ್ನೇ ಊರುಗೋಲು ಮಾಡಿಕೊಂಡು, "ಸಾರ್, ನಮ್ಮ ಪಿಂಚಣಿ ಯಾವಾಗ ಬರುತ್ತೆ?" ಅಂದೆ. ಪಾಪ, ಆತ ನಿಜವೆಂದುಕೊಂಡು, "ಆಫೀಸಲ್ಲಿ ವಿಚಾರಿಸ್ತೀನಜ್ಜಿ" ಅಂದ! ಅವತ್ತು ನಕ್ಕ ನಗು ಆಮೇಲೆ ನಾನು ನಕ್ಕಿಲ್ಲ.

ಈಗ ನನ್ನ ತಲೆ ನಿಜವಾಗಿಯೇ ಬೆಳ್ಳಗಾಗಿದೆ. ಒದರಿದರೆ ಹೋಗುವುದಿಲ್ಲ.

ಏಳನೇ ಸಲದ ಪ್ರಯತ್ನವೂ ಕೆಟ್ಟಿತು. ಸುಣ್ಣದ ಪುಡಿ ಹಾಕಿದರೆ ಬೆಳ್ಳಗಾಗುತ್ತದೆ, ಬಾಯಲ್ಲಿಟ್ಟರೆ ಗೋಡೆ ನೆಕ್ಕಿದ ಹಾಗಿರುತ್ತದೆ.

ನೀನು ಏನನ್ನು ಎಣಿಸುತ್ತೀ? ಹೇಳು, ನನಗೆ ಅರ್ಥವಾಗುವ ಹಾಗೆ.

ನಿನ್ನ
ಸೌಟು

*

ಮಾರ್ಚ್ 21

ಸೌಟು,

"ನೀವು" ಎಂದು ಎಷ್ಟು ದಿನ ಬರೆಯಲಿ. ನನಗೇ ಸುಸ್ತಾಯಿತು.

ನನ್ನ ಕೆಲಸ ಹೀಗಿದೆ. ಮನುಷ್ಯರ ಜೀವಕೋಶಗಳನ್ನು ತಟ್ಟೆಯಲ್ಲಿ ಸಾಕಿ, ಅವುಗಳ ಮೇಲೆ ನಿಮ್ಮ ಬಿಳಿಯನ್ನು ನೀರಿನಲ್ಲಿ ಕದಡಿ ಹಾಕುತ್ತಾರೆ. ಆಮೇಲೆ ಆ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾದ ಅಂಟಿನಲ್ಲಿ ಕೂರಿಸಿ, ಅವುಗಳ ಗೋಡೆ ಕರಗಿಸಿ, ವಿದ್ಯುತ್ ಹಾಯಿಸುತ್ತಾರೆ. ಡಿಎನ್‌ಎ ಗಟ್ಟಿಯಾಗಿದ್ದರೆ ಉಂಡೆಯಾಗಿ ಕುಳಿತಲ್ಲೇ ಇರುತ್ತದೆ. ಮುರಿದಿದ್ದರೆ ಚೂರುಗಳು ಹೊರಗೆ ಹರಿದು ಹಿಂದೆ ಬಾಲ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಆಕಾಶದ ತುಂಬ ಬಾಲಚುಕ್ಕಿಗಳು. ಯಾವುದಕ್ಕೆ ಎಷ್ಟು ಉದ್ದ ಬಾಲ ಎಂದು ಗುರುತು ಹಾಕುವುದು ನನ್ನ ಪಾಲಿನದು. ಕಂಪ್ಯೂಟರೂ ಎಣಿಸುತ್ತದೆ, ಆದರೂ ಲ್ಯಾಬ್ ನಡೆಸುವ ನಮ್ಮ ಮೇಡಂಗೆ ನನ್ನ ಕಣ್ಣಿನ ಲೆಕ್ಕವೂ ಬೇಕು. ಬೆಲ್ಟಿನ ಮುಂದೆ ಕಲಿತ ವಿದ್ಯೆ ಎಂದು ಅವರಿಗೆ ಹೇಳಿದ್ದೇನೆ.

ಯಾವ ಪಟ್ಟಿಯಲ್ಲಿ ಬಿಳಿ ಇದೆ, ಯಾವುದರಲ್ಲಿ ಇಲ್ಲ ಎಂದು ನನಗೆ ತಿಳಿಸುವುದಿಲ್ಲ. ಬರೀ ಸಂಖ್ಯೆ ಇರುತ್ತದೆ.

ಈಗ ಒಂದು ಮಾತು. ಇದನ್ನು ಮನೆಯಲ್ಲೂ ಹೇಳಿಲ್ಲ. ಬಾಲ ಕಾಣಲಿ ಎಂದು ನಾನು ಕಾಯುತ್ತಿದ್ದೆ. ಸಣ್ಣದನ್ನೂ ಉದ್ದವೆಂದು ಬರೆಯಲು ಕೈ ಹೋಗುತ್ತಿತ್ತು. ಹೋದ ತಿಂಗಳು ಒಂದು ಪಟ್ಟಿಯಲ್ಲಿ ನೂರಕ್ಕೆ ಮೂವತ್ತು ಎಂದು ಬರೆದು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಎಣಿಸಿದರೆ ಹದಿನೇಳು. ಮೇಡಂ ಹತ್ತಿರ ಹೋಗಿ, "ನನ್ನ ಲೆಕ್ಕ ನಂಬಬೇಡಿ" ಎಂದೆ. ಯಾಕೆಂದು ಕೇಳಿದರು. ನಾನು ಪೆಪ್ಪರಮೆಂಟು ಕಾರ್ಖಾನೆಯಲ್ಲಿದ್ದದ್ದು ಅವರಿಗೆ ಗೊತ್ತಿತ್ತು, ಉಳಿದದ್ದು ಗೊತ್ತಿರಲಿಲ್ಲ. ಹೇಳಿದೆ. ಅವರು ನನ್ನ ಹಾಳೆ ಪಕ್ಕಕ್ಕಿಟ್ಟು, "ಎಲ್ಲಾನೂ ಇನ್ನೊಬ್ಬರ ಕೈಲಿ ಮತ್ತೆ ಎಣಿಸೋಣ. ನೀವು ಬಂದು ಹೇಳಿದ್ರಲ್ಲ, ಅದೇ ದೊಡ್ಡದು" ಎಂದರು.

ಅವತ್ತು ಮುದುಕಿಯರಾಗಿ ನಕ್ಕೆವಲ್ಲ, ಆಗ ನಮ್ಮ ರೆಪ್ಪೆಯ ಮೇಲೆ ಇದ್ದದ್ದು ಅದೇ ಪುಡಿ. ಅದನ್ನು ನೆನೆದು ನಗುವುದೋ ಬಿಡುವುದೋ ತಿಳಿಯುವುದಿಲ್ಲ.

ಸುತ್ತಿ ಬಳಸುವುದು ಬೇಡ. ನಾನು ಬಿಳಿ ತೂಗುತ್ತಿದ್ದ ತೂಕದ ಕೋಣೆಯಲ್ಲಿ ದೂಳೆಳೆಯುವ ಫ್ಯಾನು ತಿರುಗುತ್ತಿತ್ತು ಎಂದು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ ಮುಂದೆ ಯಾಕೆ ಹೇಳಿದೆ?

ಹದ್ದು

*

ಮೇ 4

ಸೌಟು,

ಆರು ವಾರವಾಯಿತು. ಪತ್ರ ತಲುಪದೆ ಇರಲಿಕ್ಕಿಲ್ಲ.

ಯಾವ ಸಂಖ್ಯೆಯ ಪಟ್ಟಿಯಲ್ಲಿ ಬಿಳಿ ಇತ್ತು ಎಂಬ ಗುಟ್ಟು ಬಿಡಿಸಿದರು. ಬೇರೆಯವರು ಎಣಿಸಿದ್ದನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ತೀರ ಸಣ್ಣ ಕಣದ ಪುಡಿ, ಹೆಚ್ಚು ಪ್ರಮಾಣದಲ್ಲಿ ಹಾಕಿದ್ದ ಪಟ್ಟಿಗಳಲ್ಲಿ ಬಾಲ ಸ್ವಲ್ಪ ಹೆಚ್ಚಿದೆ. ದಪ್ಪ ಕಣದ್ದರಲ್ಲಿ ಇಲ್ಲ. ಮತ್ತೊಂದು ಬಗೆಯ ಜೀವಕೋಶದಲ್ಲಿ ಯಾವುದರಲ್ಲೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು.

ನಾನು ಮೇಡಂ ಅವರನ್ನು ನೇರವಾಗಿ ಕೇಳಿದೆ, "ಬಸುರಿ ಹೆಂಗಸು ನಾಲ್ಕು ತಿಂಗಳು ಆ ದೂಳಲ್ಲಿ ಕೂತಿದ್ರೆ?"

"ಈ ಪಟ್ಟಿಗಳಿಂದ ಅದನ್ನ ಹೇಳಕ್ಕಾಗಲ್ಲಮ್ಮ. ಹೌದು ಅಂತ ಹೇಳಿದ್ರೂ ಸುಳ್ಳು, ಇಲ್ಲ ಅಂತ ಹೇಳಿದ್ರೂ ಸುಳ್ಳು."

ಇಪ್ಪತ್ತೆರಡು ವರ್ಷ ನನಗೆ ಗೊತ್ತು ಎಂದುಕೊಂಡಿದ್ದೆ. ಈಗ ಗೊತ್ತಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ, ಕೈಯಲ್ಲಿ ಹಿಡಿದಿದ್ದ ಸಾಮಾನನ್ನು ಎಲ್ಲೋ ಮರೆತು ಬಂದ ಹಾಗೆ ಅನ್ನಿಸಿ ಎರಡು ಸಲ ಚೀಲ ನೋಡಿಕೊಂಡೆ.

ಪುಡಿಯ ಪ್ರಶ್ನೆಗೆ ಉತ್ತರ ಸಿಗಲಿಕ್ಕಿಲ್ಲ. ನಿನ್ನನ್ನು ಕೇಳಿದ್ದಕ್ಕೆ ಉತ್ತರವಿದೆ, ಅದು ನಿನ್ನ ಹತ್ತಿರ ಇದೆ.

ಹದ್ದು

*

ಮೇ 19

ಹದ್ದು,

ಫ್ಯಾನು ತಿರುಗುತ್ತಿರಲಿಲ್ಲ.

ಮೋಟಾರು ಸುಟ್ಟು ರಿಪೇರಿಗೆ ಹೋಗಿತ್ತು. ಗೋಡೆಯ ತೂತಿಗೆ ರಟ್ಟು ಬಡಿದಿದ್ದರು. ನೀನು ಚೀಲ ಕೊಯ್ದು ಪುಡಿ ಮೊಗೆದು ತಕ್ಕಡಿಗೆ ಸುರಿಯುವಾಗ, ಬಾಗಿಲಲ್ಲಿ ನಿಂತರೆ ನಿನ್ನ ಮುಖ ಮಸುಕಾಗಿ ಕಾಣುತ್ತಿತ್ತು. ನಾನು ದಿನಾ ಆ ಬಾಗಿಲಲ್ಲಿ ನಿಂತವಳು. ನೀನು ಆಸ್ಪತ್ರೆ ಸೇರಿದ ಮೂರನೆಯ ದಿನ ಹೊಸ ಮೋಟಾರು ಬಂತು. ಇನ್‌ಸ್ಪೆಕ್ಟರು ಬಂದಾಗ ಅದು ಗಿರ್ರನೆ ತಿರುಗುತ್ತಿತ್ತು. "ಮುಂಚೇನೂ ಹೀಗೇ ತಿರುಗ್ತಿತ್ತಾ?" ಎಂದು ಕೇಳಿದರು. "ಯಾವಾಗ್ಲೂ ತಿರುಗ್ತಿತ್ತು ಸಾರ್" ಎಂದೆ.

ಆಗಿನ ಮ್ಯಾನೇಜರು ಹೇಳಿಕೊಟ್ಟನೆಂದು ನೀನು ತಿಳಿದಿರಬೇಕು. ಅವನು ಏನೂ ಹೇಳಿಕೊಟ್ಟಿರಲಿಲ್ಲ. ಹೆದರಿಸಿಯೂ ಇರಲಿಲ್ಲ.

ನಿನಗೆ ಮೂರು ತಿಂಗಳಾಗಿತ್ತು. ಬೆಲ್ಟಿನ ಪಕ್ಕದ ಬಾಣಲೆಗಳ ಬಿಸಿಗೆ ನೀನು ಎರಡು ಸಲ ತಲೆ ತಿರುಗಿ ಬಿದ್ದೆ. ನಾನು ಸೂಪರ್‌ವೈಸರ ಹತ್ತಿರ ಹೋಗಿ ಜಗಳವಾಡಿದೆ, "ಅವಳನ್ನ ಈ ಬಿಸಿಯಿಂದ ಬಿಡಿಸಿ, ತೂಕದ ಕೋಣೆ ತಣ್ಣಗಿದೆ, ಅಲ್ಲಿ ಹಾಕಿ" ಎಂದು. ಒಪ್ಪಿಸಿದೆ. ಗೆದ್ದೆನೆಂದು ಬೀಗಿಕೊಂಡು ಬಂದು ನಿನಗೆ ಹೇಳಿದೆ. ನೀನು ನನ್ನ ಕೆನ್ನೆ ಹಿಂಡಿದೆ.

ಆ ಕೋಣೆಗೆ ನಿನ್ನನ್ನು ಹಾಕಿಸಿದವಳು ನಾನು. ಫ್ಯಾನು ಕೆಟ್ಟಿತ್ತು ಎಂದರೆ ಮಗುವನ್ನು ಕೊಂದವಳು ನಾನೇ ಎಂದು ಒಪ್ಪಿಕೊಂಡ ಹಾಗೆ ಎಂದುಕೊಂಡೆ. ಯಾರೂ ನನ್ನ ಮೇಲೆ ಬೆರಳು ತೋರಿಸಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ನಾನಾಗಿಯೇ ಹೆಗಲು ಮುಟ್ಟಿ ನೋಡಿಕೊಂಡೆ. ಆಸ್ಪತ್ರೆಗೆ ಹೊರಟು ಬಸ್‌ಸ್ಟಾಪಿನವರೆಗೂ ಬಂದಿದ್ದೆ. ನಾಲ್ಕು ಬಸ್ಸು ಹೋದವು. ವಾಪಸು ಬಂದೆ.

ನಿನ್ನ ಮೇಡಂ ಹೇಳಿದ್ದನ್ನು ಓದಿದಾಗ ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಪುಡಿ ಮಾಡಿತೋ ಇಲ್ಲವೋ, ಸುಳ್ಳು ಹೇಳಿದ್ದು ನಾನೇ ಅಲ್ಲವಾ.

ಸೌಟು

*

ಜೂನ್ 1

ಸೌಟು,

ನಿನ್ನ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ಸ್ಟವ್ ಮೇಲಿದ್ದ ಹಾಲು ಉಕ್ಕಿ ಹೋಗುವವರೆಗೂ ಅಲ್ಲೇ ನಿಂತಿದ್ದೆ.

ನೀನು ಕೆಲಸಕ್ಕಾಗಿ ನಮ್ಮನ್ನು ಮಾರಿಕೊಂಡೆ ಎಂದು ತಿಳಿದಿದ್ದೆ. ಹೆದರಿಕೊಂಡು ಕೂತಿದ್ದೀ ಎಂದು ಗೊತ್ತಾಗಿದ್ದರೆ ಮನೆಗೇ ಬಂದು ಬಾಯಿಗೆ ಬಂದ ಹಾಗೆ ಬೈದು, ಊಟ ಮಾಡಿಕೊಂಡು ಹೋಗುತ್ತಿದ್ದೆ. ನಿನಗೆ ನೀನೇ ಶಿಕ್ಷೆ ಹಾಕಿಕೊಂಡೆ. ಹಾಕಿಕೊಳ್ಳುವಾಗ ನನ್ನನ್ನೂ ಒಳಗೆ ತಳ್ಳಿ ಬಾಗಿಲು ಹಾಕಿದೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. ದೂರಿನ ಅರ್ಜಿ ಬರೆದವರು ನಮ್ಮ ಮನೆಯವರು. "ಆ ಕೋಣೆಗೆ ನಿನ್ನ ಹಾಕಿಸಿದ್ದು ಯಾರು?" ಎಂದು ಪೆನ್ನು ಹಿಡಿದುಕೊಂಡು ಕೇಳಿದರು. "ಸೂಪರ್‌ವೈಸರ್" ಎಂದೆ. ನಿನ್ನ ಹೆಸರು ಎತ್ತಲಿಲ್ಲ. ನನಗೆ ನೆರಳು ಬೇಕೆಂದು ಜಗಳ ಆಡಿದವಳ ಹೆಸರನ್ನು ದೂರಿನಲ್ಲಿ ಹೇಗೆ ಬರೆಸಲಿ?

ಮಗನಿಗೆ ಈಗ ಹತ್ತೊಂಬತ್ತು. ಮೊನ್ನೆ ನಿನ್ನ ಕಾಗದ ನೋಡಿ, "ಯಾರಮ್ಮ ಇದು ಸೌಟು?" ಎಂದು ನಕ್ಕ. ಗೆಳತಿ ಎಂದೆ. ಬಾಯಿಂದ ತಾನಾಗಿ ಬಂತು.

ಆದರೆ ಇನ್ನೊಂದಿದೆ. ಇಷ್ಟೆಲ್ಲ ಬರೆದೆಯಲ್ಲ, ಒಂದನ್ನು ಮಾತ್ರ ಇವತ್ತಿನವರೆಗೆ ನೀನು ಕೇಳಿಲ್ಲ. ಯಾರೂ ಕೇಳಿಲ್ಲ. ನಾನಾಗಿ ಹೇಳುವುದಿಲ್ಲ.

ಹದ್ದು

*

ಜೂನ್ 20

ಹದ್ದು,

ಹೋದ ಮಂಗಳವಾರ ರಜೆ ಹಾಕಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿದ್ದೆ. ಹಳೆಯ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದೇನೆ, ಸರಿಪಡಿಸಬೇಕು ಎಂದೆ. ಕೌಂಟರಿನಲ್ಲಿದ್ದ ಹುಡುಗಿಗೆ ಅರ್ಥವೇ ಆಗಲಿಲ್ಲ. ಒಳಗಿನಿಂದ ಒಬ್ಬ ಹಿರಿಯರು ಬಂದು, "ಅಮ್ಮಾ, ಹತ್ತು ವರ್ಷ ಆದ್ಮೇಲೆ ಕಡತ ಇಟ್ಕೊಳ್ಳಲ್ಲ, ನಾಶ ಮಾಡ್ತಾರೆ. ನೀವು ಹೇಳಿದ ಸುಳ್ಳೂ ಇಲ್ಲ ಈಗ" ಎಂದರು.

"ಸುಳ್ಳು ನನ್ನ ಹತ್ರ ಇದೆ ಸಾರ್" ಎಂದೆ.

ಅವರೇ ಕುರ್ಚಿ ಹಾಕಿ, ಹಾಳೆ ಕೊಟ್ಟರು. ಕೂತು ಬರೆದೆ. ಫ್ಯಾನು ಕೆಟ್ಟಿದ್ದು, ರಟ್ಟು ಬಡಿದದ್ದು, ನಾನು ಕಂಡದ್ದು, ಹೇಳಿದ್ದು. ಅವರು ಮೊಹರು ಒತ್ತಿ ಒಂದು ಪ್ರತಿ ಇಟ್ಟುಕೊಂಡರು. ಇನ್ನೊಂದು ಇದರ ಜೊತೆಗಿದೆ. ನಿಮ್ಮ ಮನೆಯವರಿಗೆ ಓದಲು ಕೊಡು.

ಈ ತಿಂಗಳ ಕೊನೆಗೆ ಬಿಳಿ ಪೂರಾ ನಿಲ್ಲುತ್ತದೆ. ಹೊರಗಿನ ಮಾಲಿಗಷ್ಟೇ ನಿಲ್ಲಿಸಿ ಇಲ್ಲಿಯದಕ್ಕೆ ಹಾಕೋಣ ಎಂದ ಮ್ಯಾನೇಜರು. ನಾನು ಬಾಣಲೆ ನಿಲ್ಲಿಸಿ ಕೈ ಕಟ್ಟಿ ನಿಂತೆ. ಹನ್ನೆರಡೂ ನಿಂತವು. ಆ ವಿಭಾಗದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ. ಅವನು ಕೊನೆಗೆ, "ಆಯ್ತು ಮಾರಾಯ್ತಿ, ನಿನ್ನ ಇಷ್ಟ" ಎಂದು ಹೋದ.

ನಿನ್ನ ಕೊನೆಯ ಮಾತು ಎರಡು ವಾರ ತಲೆ ತಿಂದಿತು. ನಾನು ಫ್ಯಾನಿನ ಬಗ್ಗೆ, ಪುಡಿಯ ಬಗ್ಗೆ, ನನ್ನ ಬಗ್ಗೆ ಬರೆದೆ. ಮಗು ಗಂಡೋ ಹೆಣ್ಣೋ ಎಂದು ಕೂಡ ನನಗೆ ಗೊತ್ತಿಲ್ಲವಲ್ಲೇ.

ಹೇಗಿತ್ತು ಮಗು? ಹೇಳು.

ಸೌಟು

*

ಜುಲೈ 3

ಸೌಟು,

ಹೆಣ್ಣು.

ಮಂಗಳವಾರ ಬೆಳಗ್ಗೆ ಹುಟ್ಟಿದಳು, ಗುರುವಾರ ಮಧ್ಯಾಹ್ನದವರೆಗೆ ಇದ್ದಳು. ತೂಕ ಒಂದು ಕಿಲೋ ನಾನೂರು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಪಕ್ಕದಲ್ಲಿ ಕೈ ತೂರಿಸಲು ಎರಡು ಗುಂಡು ಬಾಗಿಲು. ತಲೆಯ ತುಂಬ ಕೂದಲು, ಕಪ್ಪಗೆ, ಒದ್ದೆಯಾದ ಹಾಗೆ ಅಂಟಿಕೊಂಡಿತ್ತು. ಎಡಗಿವಿಯ ತುದಿ ಮಡಚಿತ್ತು, ಪುಸ್ತಕದ ಹಾಳೆಗೆ ಗುರುತು ಮಾಡಿದ ಹಾಗೆ. ಉಗುರು ಎಷ್ಟು ಸಣ್ಣದೆಂದರೆ, ನನ್ನ ಈ ಕಣ್ಣಿಗೂ ಹುಡುಕಬೇಕಿತ್ತು. ಬೆರಳು ಕೊಟ್ಟರೆ ಹಿಡಿಯುತ್ತಿದ್ದಳು.

ನಿಮ್ಮಮ್ಮ ಬಂದಿದ್ದರು. ನಿನಗೆ ಹೇಳಲಿಲ್ಲ ಅಲ್ಲವೇ? ಗೊತ್ತಿತ್ತು. ಬುಧವಾರ ಬಂದು ಸಂಜೆಯವರೆಗೂ ನನ್ನ ಕಾಲ ಹತ್ತಿರ ಸ್ಟೂಲಿನಲ್ಲಿ ಕೂತಿದ್ದರು. ಮಗುವನ್ನು ನೋಡಿ, "ಕಿವಿ ಒಂದು ಬಿಟ್ರೆ ಎಲ್ಲಾ ನಿಂದೇ ಕಣೇ" ಎಂದರು. ನಿನ್ನ ಮಾತು ಅವರು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು, "ಅವಳು ಬರ್ತಾಳೆ. ಅವಳಿಗೆ ಸ್ವಲ್ಪ ಹೊತ್ತು ಬೇಕು" ಎಂದರು. ಇಷ್ಟು ಹೊತ್ತು ಬೇಕಾಗುತ್ತದೆಂದು ಅವರಿಗೂ ತಿಳಿದಿರಲಿಕ್ಕಿಲ್ಲ.

ನಿನ್ನ ಹೇಳಿಕೆಯನ್ನು ಮನೆಯವರಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹೊಲಿಗೆ ಮಷಿನ್ನಿನ ಖಾನೆಯಲ್ಲಿಟ್ಟು, "ಊಟಕ್ಕೆ ಕರಿ ಅವರನ್ನ" ಎಂದಷ್ಟೇ ಹೇಳಿ ಮತ್ತೆ ಪೆಡಲ್ ತುಳಿಯಲು ಕೂತರು.

ಈಗ ಯಾರಿಗೂ ಹೇಳದೆ ಇದ್ದದ್ದು. ಆ ಬುಧವಾರ ರಾತ್ರಿ, ನಾನೊಬ್ಬಳೇ ಪೆಟ್ಟಿಗೆಯ ಹತ್ತಿರ ಇದ್ದಾಗ ಅವಳು ಸೀನಿದಳು. ಅಷ್ಟು ಚಿಕ್ಕ ಮೂಗಿನಿಂದ ಅಷ್ಟು ಜೋರಾದ ಸೀನು! ತನಗೇ ಗಾಬರಿಯಾದ ಹಾಗೆ ಎರಡೂ ಕೈ ಮೇಲೆತ್ತಿದಳು. ನನಗೆ ನಗು ತಡೆಯಲಾಗಲಿಲ್ಲ. ಮಗು ಉಳಿಯುವುದಿಲ್ಲವೆಂದು ಡಾಕ್ಟರು ಆಗಲೇ ಹೇಳಿದ್ದರು. ಅಂಥ ಹೊತ್ತಿನಲ್ಲಿ ನಕ್ಕ ತಾಯಿ ನಾನು. ಅದನ್ನು ಯಾರ ಹತ್ತಿರ ಹೇಳಲಿ? ನಗುತ್ತಲೇ ಬಾಗಿಲ ಕಡೆ ತಿರುಗಿ, "ಲೇ ಸೌಟು, ಕೇಳಿಸ್ತೇನೇ?" ಎಂದುಬಿಟ್ಟೆ. ನೀನು ಅಲ್ಲೇ ಇದ್ದೀ ಎನ್ನುವ ಹಾಗೆ. ಒಳಗೆ ಬರುತ್ತಿದ್ದ ನರ್ಸು ಹಿಂದೆ ತಿರುಗಿ ಯಾರಿದ್ದಾರೆಂದು ನೋಡಿದಳು.

ನಿನ್ನ
ಹದ್ದು